ಸ್ಕೋರು ಬರೆಯುತ್ತಿದ್ದ ಟೈಲರ್

ಕಳೆದ ಭಾನುವಾರ ಬೆಳಿಗ್ಗೆ ಮಗಳು ಮೈದಾನದಿಂದ ಫೋನು ಮಾಡಿ, ಅಟ್ಟದ ಮೇಲಿರುವ ತನ್ನ ಹಳೆಯ ಗ್ಲೌಸು ತಂದುಕೊಡು ಎಂದಳು. ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಮೈದಾನದಲ್ಲಿ ಅವಳು ಈಗ ಭಾನುವಾರಗಳಂದು ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡುತ್ತಾಳೆ. ಹೊಸದಾಗಿ ಸೇರಿದ ಮಗುವೊಂದರ ಹತ್ತಿರ ಗ್ಲೌಸು ಇರಲಿಲ್ಲವಂತೆ. ಏಣಿ ಹಾಕಿ ಹತ್ತಿ, ಹಳೆಯ ಪುಸ್ತಕಗಳ ಅಡಿಯಿಂದ ಅದನ್ನು ಎಳೆದು ಧೂಳು ಕೊಡವಿದಾಗ ಹೆಬ್ಬೆರಳು ತೂರಿಸುವ ಜಾಗದಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಮೂರು ಮೂಲೆಯ, ಅಂಚು ಸವೆದ, ನೀಲಿ ಬಣ್ಣದ ಚಾಕ್‌ಪೀಸು. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕುತ್ತಾರಲ್ಲ, ಅದು.

ಮೂಸಿ ನೋಡಿದೆ. ಹೊಸ ಬಟ್ಟೆಯ ಗಂಜಿ, ಮಿಷಿನ್ನಿಗೆ ಬಿಡುವ ಎಣ್ಣೆ, ಇಸ್ತ್ರಿಯ ಬಿಸಿ... ಹನ್ನೆರಡು ವರ್ಷದ ಮೇಲೆ ವಾಸನೆ ಉಳಿದಿರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಬಂತು. ಅದರ ಬೆನ್ನಿಗೇ ಹಳೆಯ ಹೊಟ್ಟೆಕಿಚ್ಚೂ ಬಂತು.

ಮೈದಾನದ ಗೇಟಿಗೆ ಎದುರಾಗಿ ಆ ಚಾಕ್‌ಪೀಸಿನವರ ಅಂಗಡಿ ಇತ್ತು. ಒಂದು ಮಿಷಿನ್ನು, ಒಂದು ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಕನ್ನಡಿ. ಸುತ್ತಮುತ್ತಲಿನ ಶಾಲೆಗಳ ಯೂನಿಫಾರ್ಮು ಹೊಲಿಯುತ್ತಿದ್ದರು. ನಾವು ದೊಡ್ಡವರು ಟೈಲರ್ ಎನ್ನುತ್ತಿದ್ದೆವು, ಮಕ್ಕಳು ತಾತ ಎನ್ನುತ್ತಿದ್ದರು. ಅವರ ಹೆಸರು ನಾನು ಕೊನೆಯವರೆಗೂ ಕೇಳಲಿಲ್ಲ. ಕೇಳಬಾರದೆಂಬ ಹಟವೂ ಸ್ವಲ್ಪ ಇತ್ತು ಅನ್ನಿ.

ಎಲ್ಲರೂ ಕ್ರಿಕೆಟ್ಟಿನ ಹಿಂದೆ ಬಿದ್ದಿದ್ದಾಗ ನಮ್ಮ ಬೀದಿಗಳ ಒಂದಿಪ್ಪತ್ತು ಮಕ್ಕಳನ್ನು ಸೇರಿಸಿ ಬೇಸ್‌ಬಾಲ್ ಶುರುಮಾಡಿದವನು ಒಬ್ಬ ಯುವಕ ಕೋಚ್. ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಮೊದಲ ವರ್ಷ ಸ್ಕೋರು ಬರೆಯುವ ಪುಸ್ತಕ ನನ್ನ ಕೈಯಲ್ಲೇ ಇತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವನು ನಾನು. ಸಾವಿರಾರು ಉತ್ತರಪತ್ರಿಕೆ ತಿದ್ದಿದವನು. ನನಗಿಂತ ಯೋಗ್ಯ ಯಾರಿದ್ದಾರೆ ಎಂಬ ಜಂಬ. ಓಟಗಳನ್ನು ಲೆಕ್ಕ ಹಾಕುವುದಷ್ಟೇ ಆಗಿದ್ದರೆ ತಕರಾರು ಬರುತ್ತಿರಲಿಲ್ಲ. ಆದರೆ ಆ ಆಟದಲ್ಲಿ ಒಂದು ಪೇಚಿದೆ. ಹೊಡೆದವರು ಸ್ವಂತ ಹೊಡೆತದ ಬಲದಿಂದ ಓಡಿ ಮೊದಲ ಬೇಸು ಮುಟ್ಟಿದರೆ ಅದು ಹಿಟ್. ಸುಲಭವಾಗಿ ಹಿಡಿಯಬಹುದಾಗಿದ್ದ ಚೆಂಡನ್ನು ಎದುರಿನವರು ಕೈಚೆಲ್ಲಿದ್ದರಿಂದ ಬಚಾವಾದರೆ ಅದು ಎರರ್; ಹೊಡೆದವರಿಗೆ ಹೆಸರಿಲ್ಲ, ಬಿಟ್ಟವರಿಗೆ ಕಪ್ಪುಚುಕ್ಕೆ. ಹಿಟ್ಟೋ ಎರರೋ ಎಂದು ತೀರ್ಮಾನಿಸುವವರು ಸ್ಕೋರು ಬರೆಯುವವರೇ. ನನ್ನ ಪುಸ್ತಕದಲ್ಲಿ ಮಗಳು ಬ್ಯಾಟು ತಾಗಿಸಿದ್ದೆಲ್ಲ ಹಿಟ್ ಆಗುತ್ತಿದೆ ಎಂದು ಉಳಿದ ಅಪ್ಪ ಅಮ್ಮಂದಿರು ಗುಸುಗುಸು ಎತ್ತಿದರು. ಎಲ್ಲವೂ ಅಲ್ಲ. ಒಂದೆರಡು... ನಾಲ್ಕಿರಬಹುದು.

ಕೋಚ್ ಮೆತ್ತಗೆ ಬಂದು ಹೇಳಿದ. ಇನ್ನು ಮುಂದೆ ಯಾರ ಮಗು ಆಡುತ್ತದೋ ಅವರು ಬರೆಯುವುದು ಬೇಡ. ಹಾಗಾದರೆ ಯಾರು ಬರೆಯಬೇಕು ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಅವನು ಗೇಟಿನ ಕಡೆ ನೋಡಿದ. ಭಾನುವಾರ ಅಂಗಡಿಗೆ ರಜೆ ಕೊಟ್ಟು, ಕುತ್ತಿಗೆಯಲ್ಲಿ ಟೇಪು ಹಾಗೇ ಬಿಟ್ಟುಕೊಂಡು, ಸ್ಟೂಲಿನ ಮೇಲೆ ಕೂತು ಆಟ ನೋಡುತ್ತಿದ್ದವರು ಅವರೊಬ್ಬರೇ. ತಂಡದ ಯೂನಿಫಾರ್ಮು ಹೊಲಿದವರೂ ಅವರೇ. ಅವರ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಆಡುವ ಮಕ್ಕಳಲ್ಲಿ ಅವರಿಗೆ ಸಂಬಂಧಪಟ್ಟವರು ಯಾರೂ ಇರಲಿಲ್ಲ. ಪುಸ್ತಕ ಅವರ ಕೈಗೆ ಹೋಯಿತು.

ಬಟ್ಟೆ ಹೊಲಿಯುವವನಿಗೆ ಬೇಸ್‌ಬಾಲ್ ಏನು ಗೊತ್ತು ಎಂದು ಮನೆಯಲ್ಲಿ ಮೂಗು ಮುರಿದೆ. "ನೀವೇನು ಅಮೆರಿಕದಲ್ಲಿ ಹುಟ್ಟಿದ್ರಾ?" ಎಂದಳು ಹೆಂಡತಿ, ಹುರುಳಿಕಾಯಿ ಸೋಸುತ್ತ.

ಅವರಿಗೆ ಅವರದೇ ಕ್ರಮವಿತ್ತು. ತೊಡೆಯ ಮೇಲೆ ಒಂದು ತುಂಡು ಕಪ್ಪು ಬಟ್ಟೆ ಹಾಸಿಕೊಳ್ಳುತ್ತಿದ್ದರು. ಸಂಶಯದ ಚೆಂಡು ಬಂದರೆ ಪುಸ್ತಕದಲ್ಲಿ ಆ ಚೌಕವನ್ನು ಖಾಲಿ ಬಿಟ್ಟು, ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಆ ಸರದಿ ಮುಗಿದ ಮೇಲೆ, ಚೆಂಡು ಬಿಟ್ಟ ಮಗುವನ್ನು ಹತ್ತಿರ ಕರೆದು ಒಂದೇ ಮಾತು ಕೇಳುವರು: ಅದು ನಿನ್ನ ಕೈಗೆ ಸಿಗ್ತಿತ್ತಾ? ಮಗು ತನ್ನ ಗ್ಲೌಸು ನೋಡಿಕೊಂಡು ಒಂದು ಕ್ಷಣ ಯೋಚಿಸಿ, ಸಿಗುತ್ತಿತ್ತು ಎಂದೋ ಇಲ್ಲ ಎಂದೋ ಹೇಳುತ್ತಿತ್ತು. ಮಗು ಹೇಳಿದಂತೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ಬಟ್ಟೆಯ ಗೆರೆಯನ್ನು ಕೈಯಿಂದ ಒರೆಸಿಬಿಡುವರು. ಬೈಗುಳವಿಲ್ಲ, ಶಹಭಾಸ್‌ಗಿರಿಯೂ ಇಲ್ಲ. ಮಕ್ಕಳು ಸುಳ್ಳು ಹೇಳಿದರೆ ಏನು ಮಾಡುತ್ತೀರಿ ಎಂದು ಒಮ್ಮೆ ಚುಚ್ಚಿ ಕೇಳಿದೆ. ಇದುವರೆಗೆ ಹೇಳಿಲ್ಲ ಸಾರ್ ಎಂದರು. ನನ್ನ ತರಗತಿಯಲ್ಲಿ ಹೋಂವರ್ಕ್ ಏಕೆ ಮಾಡಿಲ್ಲವೆಂದು ಕೇಳಿದರೆ ಅಜ್ಜಿಯಂದಿರನ್ನು ಮೂರು ಮೂರು ಸಲ ಸಾಯಿಸುತ್ತಿದ್ದ ಮಕ್ಕಳು, ಇವರೆದುರು ತಮ್ಮ ಮೇಲೆ ತಾವೇ ತಪ್ಪು ಹೊತ್ತುಕೊಳ್ಳುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಇನ್ನೂ ಉರಿದದ್ದು ಮಗಳ ವಿಷಯದಲ್ಲಿ. ಸಂಜೆ ಶಾಲೆಯಿಂದ ಬಂದವಳು ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಟನ್ನು ಆರಿಸಿಕೊಡುತ್ತ ಹರಟುತ್ತಿದ್ದಳು. ಕ್ಲಾಸಿನಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ವೇಗದ ಚೆಂಡು ಬಂದಾಗ ಯಾಕೆ ಕಣ್ಣು ಮುಚ್ಚಿಹೋಗುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಮನೆಯಲ್ಲಿ ನಾನು ಕೇಳಿದರೆ "ಏನಿಲ್ಲಪ್ಪ" ಎನ್ನುವಳು. ನಾನು ಬೇಕೆಂದೇ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗಿನಿಂದ ನಗು ಕೇಳಿಸುತ್ತಿತ್ತು. ನನ್ನನ್ನು ಕಂಡರೆ ಅವರು ಎದ್ದು ನಿಂತು ಬನ್ನಿ ಸಾರ್ ಎನ್ನುವರು. ಆ ಮರ್ಯಾದೆಯೂ ನನಗೆ ಚುಚ್ಚುತ್ತಿತ್ತು.

ಅವರ ಒಂದಾದರೂ ತಪ್ಪು ಹಿಡಿಯಬೇಕೆಂದು ನಾನೂ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಕೊಂಡು ತಂದೆ. ಭಾನುವಾರ ಅವರ ಬೆನ್ನ ಹಿಂದಿನ ಕಲ್ಲುಬೆಂಚಿನಲ್ಲಿ ಕೂತು, ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ನನ್ನದೇ ಸ್ಕೋರು ಬರೆಯುತ್ತಿದ್ದೆ. ಅವರು ಆಗೀಗ ಹಿಂತಿರುಗಿ ನೋಡಿ ನಗುತ್ತಿದ್ದರು. ಪರೀಕ್ಷೆಯಲ್ಲಿ ಹುಡುಗರು ಪಕ್ಕದವನಿಗೆ ಕಾಣದಂತೆ ಅಡ್ಡ ಇಡುತ್ತಾರಲ್ಲ, ಹಾಗೆ ನಾನು ಅಂಗೈ ಅಡ್ಡ ಇಡುತ್ತಿದ್ದೆ. ಪಂದ್ಯ ಮುಗಿದ ಮೇಲೆ ಕೋಚಿನಿಂದ ಅವರ ಪುಸ್ತಕ ಇಸಿದುಕೊಂಡು ತಾಳೆ ನೋಡುವುದು. ಒಂದು ಇಡೀ ವರ್ಷ ತಾಳೆ ನೋಡಿದೆ. ಇಬ್ಬರ ಬರಹ ಬೇರೆಯಾದದ್ದೇ ಅಪರೂಪ. ಬೇರೆಯಾದ ಕಡೆ, ಮನೆ ತಲುಪುವಷ್ಟರಲ್ಲಿ ಅವರದೇ ಸರಿ ಎಂದು ನನಗೇ ಅನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ.

ಆ ವರ್ಷದ ಕೊನೆಯ ಪಂದ್ಯ. ಬಸವನಗುಡಿ ಕಡೆಯ ಮಕ್ಕಳ ತಂಡ ಬಂದಿತ್ತು. ಇಷ್ಟು ಹಿಟ್ ಆದವರನ್ನು ದೊಡ್ಡ ಕ್ಯಾಂಪಿಗೆ ಕಳಿಸುವುದೆಂದು ಕೋಚ್ ಮೊದಲೇ ಹೇಳಿದ್ದ. ನನ್ನ ಮಗಳಿಗೆ ಒಂದು ಕಡಿಮೆ. ಒಂದೇ ಒಂದು.

ಅವಳ ಕೊನೆಯ ಸರದಿಯಲ್ಲಿ ಹೊಡೆದ ಚೆಂಡು ನೆಲದಲ್ಲಿ ಉರುಳಿಕೊಂಡು ಸೀದಾ ಎದುರು ತಂಡದ ಒಬ್ಬ ಸಣಕಲು ಹುಡುಗಿಯ ಕಡೆ ಹೋಯಿತು. ಅವಳು ಬಗ್ಗಿದಳು, ಚೆಂಡು ಅವಳ ಕಾಲ ನಡುವೆ ನುಸುಳಿಹೋಯಿತು. ನನ್ನ ಮಗಳು ಓಡಿ ಮೊದಲ ಬೇಸಿನ ಮೇಲೆ ನಿಂತಳು. ನಮ್ಮ ಕಡೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ನನ್ನ ಕೆಂಪು ಪೆನ್ನು ನೋಟ್‌ಬುಕ್ಕಿನಲ್ಲಿ ತಾನಾಗಿಯೇ ಎರರ್ ಎಂದು ಬರೆದಾಗಿತ್ತು. ತಿದ್ದಿ ತಿದ್ದಿ ಅಭ್ಯಾಸವಾದ ಕೈ... ಮಗಳ ಮುಖ ನೋಡುವ ಮೊದಲೇ ಬರೆದುಬಿಟ್ಟಿತ್ತು. ತಲೆ ಎತ್ತಿದರೆ ಟೈಲರ್ ಹಿಂತಿರುಗಿ ನನ್ನ ಪುಟವನ್ನೇ ನೋಡುತ್ತಿದ್ದರು. ಅಂಗೈ ಅಡ್ಡ ಇಡುವುದು ಮರೆತಿದ್ದೆ.

ಸರದಿ ಮುಗಿದ ಮೇಲೆ ಅವರು ಆ ಹುಡುಗಿಯನ್ನು ಕರೆದು ಯಾವಾಗಿನಂತೆ ಕೇಳಿದರು. ಅವಳ ಕಣ್ಣು ತುಂಬಿತ್ತು. "ಸಿಗ್ತಿತ್ತು ತಾತ. ಸೀದಾ ಬಂತು. ನಾನೇ ಬಿಟ್ಟೆ" ಎಂದಳು. ಅವರು ತಲೆಯಾಡಿಸಿ ಎರರ್ ಬರೆದರು.

ಎರಡೂ ಕಡೆಯವರು ಅವರ ಸುತ್ತ ಮುತ್ತಿಕೊಂಡರು. ಆ ಹುಡುಗಿಯ ತಾಯಿಗೆ ಮಗಳ ಮೇಲೆ ಎರರ್ ಬರುವುದು ಬೇಡವಾಗಿತ್ತು. ನಮ್ಮವರಿಗೆ ನನ್ನ ಮಗಳಿಗೆ ಹಿಟ್ ಬೇಕಾಗಿತ್ತು. ಹಿಟ್ ಎಂದು ಬರೆದರೆ ಯಾರಿಗೆ ನಷ್ಟ, ಮಗುವನ್ನು ಯಾಕೆ ಅಳಿಸುತ್ತೀರಿ ಎಂದು ಎಲ್ಲರೂ ಒಂದೇ ಬಾಯಲ್ಲಿ ಕೇಳಿದರು. ಬೇಡವೆಂದವರು ಇಬ್ಬರೇ, ಟೈಲರ್ ಮತ್ತು ಚೆಂಡು ಬಿಟ್ಟ ಆ ಹುಡುಗಿ. ಕೋಚಿಗೆ ದಿಕ್ಕು ತೋಚಲಿಲ್ಲ. ನನ್ನ ಕಡೆ ತಿರುಗಿ, "ಸಾರ್, ನೀವೂ ಬರೀತೀರಲ್ಲ. ನಿಮ್ ಬುಕ್ಕಲ್ಲಿ ಏನಿದೆ?" ಎಂದ.

ಎಲ್ಲರೂ ನನ್ನನ್ನು ನೋಡಿದರು. ನೀರಿನ ಬಾಟಲಿ ಹಿಡಿದುಕೊಂಡು ಮಗಳೂ ನೋಡುತ್ತಿದ್ದಳು. ನಾನು ನೋಟ್‌ಬುಕ್ ಮುಚ್ಚಿ "ಹಿಟ್" ಎಂದೆ.

ತೆಗೆದು ತೋರಿಸಿ ಸಾರ್ ಎಂದು ಟೈಲರ್ ಒಂದು ಮಾತು ಹೇಳಿದ್ದರೆ ಆ ಮೈದಾನದಲ್ಲಿ ನನ್ನ ಮಾನ ಹರಾಜಾಗುತ್ತಿತ್ತು. ಅವರು ಹೇಳಲಿಲ್ಲ. ಪುಸ್ತಕ, ಪೆನ್ಸಿಲ್ಲು, ರಬ್ಬರು ಮೂರನ್ನೂ ನನ್ನ ಕೈಗಿಟ್ಟರು.

"ನನ್ ಕೈಲಿ ಅಳ್ಸೋಕಾಗಲ್ಲ ಸಾರ್. ಇನ್ಮೇಲೆ ನೀವೇ ಬರ್ಕೊಳ್ಳಿ."

ಸ್ಟೂಲು ಎತ್ತಿಕೊಂಡು ಗೇಟು ದಾಟಿ ಹೋದರು. ನಾನು ಅಳಿಸಿದೆ. ಮನೆಗೆ ನಡೆದು ಬರುವಾಗ ಮಗಳು, ನಿಜವಾಗಲೂ ಏನು ಬರೆದಿದ್ದೆಯಪ್ಪ ಎಂದು ಕೇಳಿದಳು. ಹೇಳಿದೆನಲ್ಲ, ಹಿಟ್ ಎಂದೆ. ಅವಳು ಮತ್ತೆ ಕೇಳಲಿಲ್ಲ. ಕ್ಯಾಂಪಿನ ದಿನ ಬೆಳಿಗ್ಗೆ ಮಾತ್ರ ಹೋಗುವುದಿಲ್ಲ ಎಂದಳು. ಬೈದೆ, ಪುಸಲಾಯಿಸಿದೆ, ಅವಳಮ್ಮನಿಂದಲೂ ಹೇಳಿಸಿದೆ. ಹೋಗಲಿಲ್ಲ. ಇದೆಲ್ಲ ಆ ಟೈಲರ್ ಕಿವಿಯೂದಿದ ಫಲ ಎಂದೇ ನಂಬಿದೆ. ಅವರೇ ಅವಳಿಗೆ ನನ್ನ ಗುಟ್ಟು ಹೇಳಿದ್ದಾರೆ, ಮಗಳನ್ನು ನನ್ನಿಂದ ಕಿತ್ತುಕೊಂಡಿದ್ದಾರೆ ಎಂದು ವರ್ಷಗಟ್ಟಲೆ ಹಲ್ಲು ಕಡಿದೆ.

ಆಸೆಪಟ್ಟ ಪುಸ್ತಕವೇನೋ ನನ್ನ ಕೈಗೆ ಬಂದಿತ್ತು. ಮುಂದಿನ ಭಾನುವಾರ ಅವರಂತೆಯೇ ನಾನೂ ಚೆಂಡು ಬಿಟ್ಟ ಮಗುವನ್ನು ಕರೆದು, ಸಿಗುತ್ತಿತ್ತಾ ಎಂದು ಕೇಳಿದೆ. ಅದು ತನ್ನ ಗ್ಲೌಸು ನೋಡಿಕೊಳ್ಳಲಿಲ್ಲ. ನನ್ನ ಮುಖ ನೋಡಿತು. ನನಗೆ ಯಾವ ಉತ್ತರ ಬೇಕೆಂದು ಹುಡುಕಿ, ಅದನ್ನೇ ಕೊಟ್ಟಿತು. ಅದರ ಮುಂದಿನ ಮಗುವೂ ಅಷ್ಟೇ. ಗೇಟಿನಾಚೆ ಅಂಗಡಿಯ ಷಟರ್ ಅರ್ಧ ಇಳಿದಿರುತ್ತಿತ್ತು. ಕೆಳಗಡೆ ಮಿಷಿನ್ನು ತುಳಿಯುವ ಎರಡು ಪಾದ ಮಾತ್ರ ಕಾಣುತ್ತಿದ್ದವು. ಅವರು ಭಾನುವಾರವೂ ಕೆಲಸ ಮಾಡತೊಡಗಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ಏನೋ ನೆಪ ಹೇಳಿ ಪುಸ್ತಕವನ್ನು ಕೋಚಿಗೆ ವಾಪಸು ಕೊಟ್ಟೆ.

ಆಮೇಲೆ ಕಣ್ಣು ಮಂದವಾಗಿ ಅವರು ಅಂಗಡಿ ಮುಚ್ಚಿ ಮಗಳ ಊರಿಗೆ ಹೋದರು. ಹೋಗುವ ದಿನ ಮನೆಗೆ ಬಂದಿದ್ದರಂತೆ. ನಾನು ಬೇಕೆಂದೇ ತಡವಾಗಿ ಬಂದೆ. ಹೋದ ವರ್ಷ ತೀರಿಕೊಂಡರೆಂದು ಇಸ್ತ್ರಿಯವನು ಹೇಳಿದ. ಅಂಗಡಿಯಿದ್ದ ಕಡೆ ಈಗ ಮೊಬೈಲ್ ಕವರು ಮಾರುತ್ತಾರೆ...

ಗ್ಲೌಸು ಹಿಡಿದು ಮೈದಾನಕ್ಕೆ ಹೋದೆ. ಚಾಕ್‌ಪೀಸು ಜೇಬಿನಲ್ಲಿತ್ತು. ಮಗಳು ಸ್ಕೋರು ಪುಸ್ತಕ ನನ್ನ ಮುಂದೆ ಹಿಡಿದು, ಇವತ್ತು ನೀನು ಬರಿ, ಇಲ್ಲಿ ನಿನ್ನ ಮಗು ಯಾರೂ ಆಡುತ್ತಿಲ್ಲವಲ್ಲ ಎಂದು ನಕ್ಕಳು. ನಾನು ಪುಸ್ತಕ ಇಸಿದುಕೊಳ್ಳಲಿಲ್ಲ. ಚಾಕ್‌ಪೀಸನ್ನು ಅವಳ ಅಂಗೈ ಮೇಲಿಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು.

"ಅವತ್ತು ನಾನು ಎರರ್ ಅಂತ್ಲೇ ಬರ್ದಿದ್ದೆ ಕಣಮ್ಮ."

"ಗೊತ್ತು" ಎಂದಳು.

ಟೈಲರ್ ಹೇಳಿದರಾ ಎಂದು ಕೇಳಿದೆ. ಹನ್ನೆರಡು ವರ್ಷ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ.

"ಇಲ್ಲಪ್ಪ. ಕೇಳ್ದೆ, ಹೇಳ್ಲಿಲ್ಲ. ನಿಮ್ಮಪ್ಪ ಪುಸ್ತಕದಲ್ಲಿ ಸರಿಯಾಗೇ ಬರೀತಾರೆ, ಅವರನ್ನೇ ಕೇಳು ಅಂದು ಇದನ್ನ ಕೊಟ್ರು. ನಿನ್ನ ಒಂದ್ಸಲ ಕೇಳಾಗಿತ್ತಲ್ಲ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಚಾಕ್‌ಪೀಸನ್ನು ನನಗೆ ಹಿಂತಿರುಗಿಸಿ ಮಕ್ಕಳ ಕಡೆ ಹೋದಳು. ಹೋಗುವಾಗ ಪುಸ್ತಕವನ್ನೂ ನನ್ನ ಕೈಗಿಟ್ಟಿದ್ದಳು; ಕಲ್ಲುಬೆಂಚಿನಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಒಬ್ಬ ಪುಟ್ಟ ಹುಡುಗಿ ಸುಲಭದ ಚೆಂಡೊಂದನ್ನು ಬಿಟ್ಟಳು. ನಾನು ಪ್ಯಾಂಟಿನ ಮೇಲೆ ಒಂದು ನೀಲಿ ಗೆರೆ ಎಳೆದು ಕಾದೆ. ಸರದಿ ಮುಗಿದ ಮೇಲೆ ಅವಳು ಬಂದದ್ದು ನನ್ನ ಹತ್ತಿರವಲ್ಲ; ಓಡಿಹೋಗಿ ನನ್ನ ಮಗಳ ಮುಂದೆ ನಿಂತು, ಸಿಗ್ತಿತ್ತು ಅಕ್ಕ ಎಂದಳು. ಈ ವಯಸ್ಸಿನಲ್ಲೂ ಆ ಹಳೆಯ ಹೊಟ್ಟೆಕಿಚ್ಚು ಇಣುಕಿತು.

ಪೆನ್ಸಿಲ್ಲು ತೆಗೆದು ಎರರ್ ಎಂದು ಬರೆದೆ. ಅಂಗೈ ಅಡ್ಡ ಇಡಲಿಲ್ಲ. ಹಿಂತಿರುಗಿ ನೋಡುವವರು ಮುಂದೆ ಯಾರೂ ಕೂತಿರಲಿಲ್ಲ.