ಬೆಟ್ಟ ಯಾವ ಕಡೆ ಎಂದು ಕೇಳಿದ ಆಚಾರ್ಯರು

ಶೀನ ಆಚಾರ್ಯರು ದಿನಕ್ಕೆ ಹತ್ತು ಸಲವಾದರೂ ಮೊಣಕಾಲೂರಿ ಕೂರುತ್ತಿದ್ದರು. ದೇವರ ಮುಂದಲ್ಲ, ಮೇಜಿನ ಮುಂದೆ. ಮೇಜಿನ ಅಂಚಿಗೆ ಗದ್ದ ತಾಗಿಸಿ, ಎಡಗಣ್ಣು ಮುಚ್ಚಿ, ತಾವೇ ಮರದಲ್ಲಿ ಕಟ್ಟಿದ ಪುಟ್ಟ ಬೀದಿಯ ನೆಲದ ಮಟ್ಟಕ್ಕೆ ಬಲಗಣ್ಣನ್ನು ಇಳಿಸಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎದ್ದಾಗ ಗದ್ದದ ಮೇಲೆ ಮರದ ಪುಡಿ ಬಿಳಿ ಗಡ್ಡದ ಹಾಗೆ ಅಂಟಿರುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಹಾಗೇ ಮೀಟಿಂಗಿಗೆ ಬಂದು ಕೂರುವರು.

ಡಾರ್ಮ್‌ಸ್ಟಾಟ್‌ನ ಆ ವಾಸ್ತುಶಿಲ್ಪ ಕಚೇರಿಯಲ್ಲಿ ಅವರದು ನೆಲಮಾಳಿಗೆ, ನನ್ನದು ಮೂರನೆಯ ಮಹಡಿ. ಕಟ್ಟಡಗಳ ಮಾದರಿಯನ್ನು ಮರದಲ್ಲಿ ಮಾಡುವುದು ಅವರ ಕೆಲಸ. ಕಾರ್ಕಳದ ಕಡೆಯವರು, ಎಳೆಯ ವಯಸ್ಸಿನಲ್ಲಿ ಇಲ್ಲಿನ ಎರಕದ ಕಾರ್ಖಾನೆಯೊಂದಕ್ಕೆ ಮರದ ಅಚ್ಚು ಕೆತ್ತಲು ಬಂದು, ಆಮೇಲೆ ಈ ಕಚೇರಿ ಸೇರಿ, ಮೂವತ್ತು ವರ್ಷ ಕಳೆದಿದ್ದವರು. ನಾನು ಜರ್ಮನ್ ಸರ್ಕಾರ ಕಂಪ್ಯೂಟರಿನವರಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದು ಇಳಿದು ಎರಡು ತಿಂಗಳಾಗಿದ್ದವನು. ಅದೇ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆಲ್ಲ ನಡೆದಾಡಿದ ಹಾಗೆ ಸಿನಿಮಾ ಮಾಡುವುದು ನನ್ನ ಕೆಲಸ. ಅಂದರೆ, ಅವರ ಕೆಲಸವನ್ನು ತಿನ್ನುವುದಕ್ಕೇ ಸರ್ಕಾರ ನನಗೆ ವೀಸಾ ಕೊಟ್ಟು ಕರೆಸಿಕೊಂಡಿತ್ತು. ಇದು ಇಬ್ಬರಿಗೂ ಗೊತ್ತಿತ್ತು. ಆದರೂ ಮಧ್ಯಾಹ್ನದ ಊಟಕ್ಕೆ ನಾನು ಇಳಿದು ಹೋಗುತ್ತಿದ್ದದ್ದು ಅವರ ನೆಲಮಾಳಿಗೆಗೇ. ಥರ್ಮಾಸಿನಲ್ಲಿ ಕುಚ್ಚಲಕ್ಕಿ ಗಂಜಿ ತರುತ್ತಿದ್ದರು. ನನ್ನ ಒಣ ಬ್ರೆಡ್ಡನ್ನು ಕಂಡು, ಮುಚ್ಚಳಕ್ಕೆ ಅರ್ಧ ಸುರಿದು ನನ್ನ ಕಡೆ ತಳ್ಳುತ್ತಿದ್ದರು.

ನನಗೆ ಸಣ್ಣಂದಿನಿಂದ ಒಂದು ರೋಗ. ಯಾರನ್ನು ನೋಡಿದರೂ ಹತ್ತೇ ನಿಮಿಷದಲ್ಲಿ ಅವರ ಹಾಗೆ ನಡೆಯುತ್ತೇನೆ, ಅವರ ಹಾಗೆ ಕೆಮ್ಮುತ್ತೇನೆ. ಔಸ್‌ಲೆಂಡರ್‌ಬೆಹೋರ್ಡೆ ಎಂಬ ವಿದೇಶಿಯರ ಕಚೇರಿಯಲ್ಲಿ ವೀಸಾದ ಮುದ್ರೆ ಹಾಕುವ ಮುಂಚೆ ಪೆನ್ನಿನ ತುದಿ ಕಚ್ಚುವ ಹೆಂಗಸು, ಪ್ರತಿ ವಾಕ್ಯಕ್ಕೂ ಮೂರು ಸಲ ‘ಗೆನಾವ್’, ಅಂದರೆ ‘ಅದೇ, ಸರಿ’, ಅನ್ನುವ ನಮ್ಮ ಯಜಮಾನ ಹೆರ್ ಹಾರ್ಟ್‌ಮನ್, ಟ್ರಾಮಿನಲ್ಲಿ ಮುಂದಿನ ನಿಲ್ದಾಣ ಹೇಳುವ ದನಿ, ಟಿಕೆಟ್ ತಪಾಸಣೆಯವನ ಮುಂದೆ ಜರ್ಮನ್ ಮರೆತು ಬೆವರುವ ನಾನು, ಎಲ್ಲವೂ ನನ್ನ ಭಂಡಾರದಲ್ಲಿದ್ದವು. ಆಚಾರ್ಯರ ಮುಂದೆ ಒಂದೊಂದನ್ನೇ ಬಿಚ್ಚುತ್ತಿದ್ದೆ. ಅವರು ಉಪ್ಪಿನಕಾಯಿಯ ಗೊರಟೆ ಚೀಪುತ್ತಾ ನೋಡುವರು. ಒಮ್ಮೆ ಕೇಳಿದರು:

“ಎಲ್ಲರ ಹಾಗೂ ಮಾತಾಡ್ತಿ ಮಾರಾಯ. ನಿನ್ನ ಹಾಗೆ ಮಾತಾಡುವುದು ಯಾವಾಗ?”

“ಅದಕ್ಕೆ ಡಿಮ್ಯಾಂಡ್ ಇಲ್ಲ ಸಾರ್,” ಅಂದೆ.

ಆ ವರ್ಷದ ಕ್ರಿಸ್ಮಸ್ ಪಾರ್ಟಿಯಲ್ಲಿ ಎರಡು ಲೋಟ ಬಿಸಿ ವೈನ್ ಕುಡಿದ ಧೈರ್ಯಕ್ಕೆ ಆಚಾರ್ಯರನ್ನೇ ಮಾಡಿ ತೋರಿಸಿಬಿಟ್ಟೆ. ಗದ್ದಕ್ಕೆ ಕೇಕಿನ ಸಕ್ಕರೆ ಪುಡಿ ಬಳಿದುಕೊಂಡು, ತಿಂಡಿಯ ಮೇಜಿನ ಮುಂದೆ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ಬಿಸ್ಕತ್ತಿನ ತಟ್ಟೆಯನ್ನು ಪರೀಕ್ಷಿಸಿದೆ. ಕಚೇರಿಗೆ ಕಚೇರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಲೆಯೆತ್ತಿದರೆ ಆಚಾರ್ಯರು ಎದುರಿಗೇ ನಿಂತಿದ್ದಾರೆ. ನನ್ನ ವೈನ್ ಅಲ್ಲೇ ಇಳಿಯಿತು. ಅವರು ನನ್ನನ್ನು ಸುತ್ತು ಹಾಕಿ, ತಮ್ಮ ಕೆಲಸವನ್ನೇ ನೋಡುವ ಹಾಗೆ ನೋಡಿ, ಗಂಭೀರವಾಗಿ ಹೇಳಿದರು:

“ಗದ್ದ ಸ್ವಲ್ಪ ಮೇಲಾಯ್ತು. ಇಷ್ಟು ಎತ್ತರದಲ್ಲಿ ನಿನಗೆ ಕಟ್ಟಡದ ಮಾಡು ಮಾತ್ರ ಕಾಣುವುದು. ಇನ್ನೂ ಕೆಳಗೆ ಬರಬೇಕು.”

ಕಚೇರಿಗೆ ಆಗ ಬಂದಿದ್ದ ದೊಡ್ಡ ಕೆಲಸ ಬಾಲಿ ದ್ವೀಪದ ಉತ್ತರ ಕರಾವಳಿಯಲ್ಲೊಂದು ಶಾಪಿಂಗ್ ಸೆಂಟರ್. ಬರೀ ಗಾಜಿನ ಡಬ್ಬಿ ಬೇಡ, ಅಲ್ಲಿನ ನೆಲ ನೀರು, ಅಲ್ಲಿನ ನಡವಳಿಕೆ ಅದರಲ್ಲಿ ಕಾಣಬೇಕು ಎಂದು ಅಲ್ಲಿನವರು ಹೇಳಿದ್ದರು. ನಮ್ಮವರು ಚೆನ್ನಾಗಿಯೇ ಯೋಚಿಸಿದ್ದರು. ಕಟ್ಟಡ ತೆಂಗಿನ ಮರಕ್ಕಿಂತ ಎತ್ತರವಿಲ್ಲ; ಅಂಗಡಿಗಳು ಅಂಗಳಗಳ ಸುತ್ತ; ಭತ್ತದ ಗದ್ದೆಯಿಂದ ಗದ್ದೆಗೆ ಇಳಿಯುವ ಹಾಗೆ ನೀರು ಕಾಲುವೆಯಲ್ಲಿ ಅಂಗಳದಿಂದ ಅಂಗಳಕ್ಕೆ ಇಳಿಯುತ್ತದೆ. ಒಂದು ಮೂಲೆಯಲ್ಲಿ ಗುಡಿ ಇರಲೇಬೇಕು. ಅಲ್ಲಿನ ವಾಸ್ತುಶಿಲ್ಪಿಯೊಬ್ಬರು ಫ್ಯಾಕ್ಸ್ ಕಳಿಸಿದ್ದರು: ಗುಡಿ ಬೆಟ್ಟದ ಕಡೆಗೂ ಸೂರ್ಯ ಹುಟ್ಟುವ ಕಡೆಗೂ ಸೇರುವ ಮೂಲೆಯಲ್ಲಿರಲಿ.

ಹೆರ್ ಹಾರ್ಟ್‌ಮನ್ ಆ ಕಾಗದವನ್ನು ನನ್ನ ಕೈಗೆ ಕೊಟ್ಟು, “ನೀನೂ ಹಿಂದೂ, ಅವರೂ ಹಿಂದೂಗಳು. ಇದು ಯಾವ ಮೂಲೆ?” ಎಂದು ಕೇಳಿದರು. ನಾನು ಕಾಗದವನ್ನು ಪೂರ್ತಿ ಓದಲೂ ಇಲ್ಲ. ನಮ್ಮ ಮನೆಯಲ್ಲಿ ದೇವರ ಮೂಲೆ ಈಶಾನ್ಯ, ಚಿಕ್ಕಪ್ಪನ ಮನೆಯಲ್ಲೂ ಈಶಾನ್ಯ, ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಈಶಾನ್ಯ. “ಉತ್ತರ ಮತ್ತು ಪೂರ್ವ,” ಅಂದೆ. ವೇದದ ಕಾಲದಿಂದ ಅದೇ ಅನ್ನುವುದನ್ನೂ ಸೇರಿಸಿದೆ. ‘ಗೆನಾವ್’ ಮೂರು ಸಲ ಬಂತು. ನಕಾಶೆಯಲ್ಲಿ ಗುಡಿ ಈಶಾನ್ಯಕ್ಕೆ ಕೂತಿತು. ನನ್ನ ಸಿನಿಮಾದಲ್ಲಿ ಅದರ ಹಿಂದೆ, ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಭವ್ಯವಾದ ಬೆಟ್ಟದ ಚಿತ್ರವನ್ನೂ ತಂದು ಅಂಟಿಸಿದೆ.

ಅದೇ ಹೊತ್ತಿಗೆ ಹೆರ್ ಹಾರ್ಟ್‌ಮನ್ ಎಲ್ಲರೆದುರು ಇನ್ನೊಂದು ಮಾತನ್ನೂ ಹೇಳಿದ್ದರು. ಫೆಬ್ರವರಿಯಲ್ಲಿ ಬಾಲಿಯವರು ಬರುತ್ತಾರೆ. ಸಿನಿಮಾವೂ ಇರಲಿ, ಮರದ ಮಾದರಿಯೂ ಇರಲಿ. ಸಿನಿಮಾವೇ ಸಾಕು ಅನ್ನಿಸಿದರೆ ಬೇಸಿಗೆಯ ಹೊತ್ತಿಗೆ ನೆಲಮಾಳಿಗೆಯ ಕಾರ್ಯಾಗಾರ ಮುಚ್ಚಿ, ಅಲ್ಲಿ ಸರ್ವರ್‌ಗಳನ್ನು ಇಡೋಣ. ಆಚಾರ್ಯರು ಇದನ್ನು ಕೇಳಿ, ಜೇಬಿನಿಂದ ಮಡಚುವ ಅಳತೆಪಟ್ಟಿ ತೆಗೆದು, ಬಿಚ್ಚಿ, ಮತ್ತೆ ಮಡಚಿ ಜೇಬಿಗೆ ಹಾಕಿಕೊಂಡರು. ಅಷ್ಟೇ.

ಆ ಚಳಿಗಾಲವೆಲ್ಲ ಅವರು ಆ ಮಾದರಿಗೆ ಕೂತರು. ನಾನು ಒಂದು ಗುಂಡಿ ಒತ್ತಿ ನೂರು ಕಂಬ ನಿಲ್ಲಿಸುವಾಗ ಅವರು ಒಂದನ್ನು ಉಜ್ಜುತ್ತಿರುವರು. ಮನುಷ್ಯರ ಗೊಂಬೆಗಳು ಡಬ್ಬಿಯಲ್ಲಿ ರೆಡಿಯಾಗಿ ಸಿಗುತ್ತವೆ. ಆದರೆ ಅವೆಲ್ಲ ಕೈಚೀಲ ಹಿಡಿದ ಜರ್ಮನ್ ಹೆಂಗಸರು. ಆಚಾರ್ಯರು ಅವನ್ನು ಪಕ್ಕಕ್ಕಿಟ್ಟು ತಾವೇ ಕತ್ತರಿಸಿದರು. ಹದಿನೇಳು ಮಿಲಿಮೀಟರ್ ಎತ್ತರದ ಜನ, ಸೊಂಟಕ್ಕೆ ಬಟ್ಟೆ ಸುತ್ತಿದವರು. ಅವರಲ್ಲೊಬ್ಬಳು ಅಂಗಡಿಯ ಮುಂದೆ ಬಗ್ಗಿದ್ದಳು.

“ಇವಳಿಗೇನಾಯ್ತು ಸಾರ್, ಚಿಲ್ಲರೆ ಬಿತ್ತಾ?”

“ಅಲ್ಲಿಯವರು ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಎಲೆಯ ತಟ್ಟೆಯಲ್ಲಿ ಹೂ ಇಟ್ಟು ನೆಲದಲ್ಲಿ ಇಡ್ತಾರಂತೆ. ಪುಸ್ತಕದಲ್ಲುಂಟು. ನೀವು ಎಲ್ಲ ಕಡೆ ನುಣ್ಣಗೆ ಕಲ್ಲು ಹಾಸಿದ್ದೀರಿ. ಅವಳು ಅದನ್ನು ಎಲ್ಲಿಡುವುದು? ಜನ ಮೆಟ್ಟುವುದಿಲ್ವಾ?” ಎಂದು ಪ್ರತಿ ಅಂಗಡಿಯ ಮುಂದೆ ಒಂದು ಗೇಣಗಲದ ಕಟ್ಟೆ ಬಿಟ್ಟಿದ್ದನ್ನು ತೋರಿಸಿದರು. ಅದಕ್ಕಾಗಿ ಮೇಲಿನವರೊಂದಿಗೆ ಎರಡು ವಾರ ವಾದ ಮಾಡಿ ನಕಾಶೆಯನ್ನೇ ಬದಲಾಯಿಸಿದ್ದರು.

ಯಾವುದನ್ನೇ ಅಂಟಿಸುವುದಕ್ಕೆ ಮುಂಚೆ ಅವರು ಒಂದು ಮಾತು ಹೇಳುವರು. ತಮಗೆ ತಾವೇ ಹೇಳಿಕೊಳ್ಳುವುದು: “ಒಮ್ಮೆ ಕೂತು ನೋಡುವ.” ಆಮೇಲೆ ಮೊಣಕಾಲು, ಗದ್ದ, ಮುಚ್ಚಿದ ಕಣ್ಣು. ಆಮೇಲೆಯೇ ಗೋಂದು.

ಬಾಲಿಯವರು ಬರಲು ಮೂರು ದಿನ ಇದ್ದಾಗ, ಊಟದ ಹೊತ್ತಿಗೆ ಫೋನ್ ಮಾಡಿ ನನ್ನನ್ನು ಕರೆದರು. ಇಳಿದು ಹೋದರೆ ಗಂಜಿ ಇರಲಿಲ್ಲ. ಮಾದರಿ ಮುಗಿದಿತ್ತು, ಗುಡಿಯೊಂದನ್ನು ಬಿಟ್ಟು. ಅದು ಅವರ ಅಂಗೈಯಲ್ಲಿತ್ತು, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು.

“ಇದನ್ನು ಎಲ್ಲಿ ಇಡುವುದು?”

“ಈಶಾನ್ಯಕ್ಕೆ ಸಾರ್. ನಕಾಶೆಯಲ್ಲೇ ಇದೆಯಲ್ಲ.”

“ಅವರು ಬರೆದದ್ದೆಂತ?”

“ಬೆಟ್ಟದ ಕಡೆ ಅಂತ.”

“ಬೆಟ್ಟ ಯಾವ ಕಡೆ ಉಂಟು?”

ಅವರು ನನ್ನ ಬೆರಳನ್ನು ಹಿಡಿದು ಮಾದರಿಯ ತಳದ ಮೇಲೆ ಎಳೆದರು. ನನ್ನ ಕಂಪ್ಯೂಟರಿನಲ್ಲಿ ನೆಲ ತಟ್ಟೆಯ ಹಾಗೆ ಚಪ್ಪಟೆ. ಅವರ ಮೇಜಿನಲ್ಲಿ ನೆಲ ತೆಳು ಹಲಗೆಗಳ ಪದರ. ಸರ್ವೇ ನಕ್ಷೆಯ ಎತ್ತರದ ಗೆರೆಗೆ ಸರಿಯಾಗಿ ಒಂದೊಂದನ್ನೂ ಗರಗಸದಲ್ಲಿ ಕೊಯ್ದು ಜೋಡಿಸಿದ್ದು. ಬೆರಳು ಪದರದಿಂದ ಪದರಕ್ಕೆ ಹತ್ತುತ್ತಾ ಹತ್ತುತ್ತಾ ದಕ್ಷಿಣಕ್ಕೆ ಹೋಯಿತು.

“ಹದಿನಾಲ್ಕು ಪದರ. ಈ ಕೈಯಲ್ಲೇ ಕೊಯ್ದದ್ದು. ಕೊಯ್ಯುವಾಗ ನನಗೂ ಹೊಳೆಯಲಿಲ್ಲ, ಈಗ ಕೂತು ನೋಡಿದೆ. ಉತ್ತರದಲ್ಲಿ ಇರುವುದು ಸಮುದ್ರ ಮಾರಾಯ. ನೀನು ಸಮುದ್ರದ ಮೇಲೆ ಬೆಟ್ಟ ನಿಲ್ಲಿಸಿದ್ದಿ.”

“ಸಾರ್, ನಮ್ಮಲ್ಲಿ ಈಶಾನ್ಯ...”

“ನಮ್ಮದು ನಮ್ಮಲ್ಲಿ. ಅವರ ದೇವರು ಇರುವುದು ಬೆಟ್ಟದಲ್ಲಿ. ಈಗ ಅವರು ಕೈ ಮುಗಿದರೆ ದೇವರಿಗೆ ಬೆನ್ನು.”

ಮಾದರಿ ಇದ್ದದ್ದರಿಂದ ಮಾತ್ರ ಸಿಕ್ಕಿದ ತಪ್ಪು ಅದು. ಇದನ್ನು ಅವರು ಮೂರು ಮಹಡಿ ಹತ್ತಿ ಹೋಗಿ ಹೇಳಿದರೆ ಸಾಕು, ಕಾರ್ಯಾಗಾರ ಏಕೆ ಬೇಕು ಅನ್ನುವ ಪ್ರಶ್ನೆಯೇ ಮುಗಿಯುತ್ತಿತ್ತು. ಅದು ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು.

“ಹೆರ್ ಹಾರ್ಟ್‌ಮನ್‌ಗೆ ಹೇಳ್ತೀರಾ?” ಕೇಳಿದೆ. ಆ ದನಿ ನನ್ನ ಭಂಡಾರದ ಯಾರದ್ದೂ ಆಗಿರಲಿಲ್ಲ.

ಅವರು ಗುಡಿಯನ್ನು ಮೇಜಿನ ಮೇಲಿಟ್ಟರು. “ನಿನ್ನ ಪ್ರೋಬೆತ್ಸೈಟ್ ಯಾವಾಗ ಮುಗಿಯುವುದು?”

ಆ ಪರೀಕ್ಷಾ ಅವಧಿಯಲ್ಲಿ ಕೆಲಸ ಹೋದರೆ ನನ್ನ ವೀಸಾವೂ ಅದರ ಹಿಂದೆಯೇ ಹೋಗುತ್ತಿತ್ತು. “ಮುಂದಿನ ತಿಂಗಳು,” ಅಂದೆ.

“ಹಾಗಾದ್ರೆ ಹೋಗು. ಬೆಟ್ಟ ತಿರುಗಿಸು, ಗುಡಿ ಆಗ್ನೇಯಕ್ಕೆ ತಾ. ಅವರ ಕಾಗದ ಇನ್ನೊಮ್ಮೆ ಓದಿದೆ, ನನಗೇ ಗೊತ್ತಾಯ್ತು ಅಂತ ಹೇಳು.”

ಹಾಗೆಯೇ ಹೇಳಿದೆ. ಹೆರ್ ಹಾರ್ಟ್‌ಮನ್ ಬಯ್ಯಲಿಲ್ಲ. ನನ್ನ ಭುಜ ತಟ್ಟಿ, “ಇದಕ್ಕೇ ನಿನ್ನನ್ನು ಅಷ್ಟು ದೂರದಿಂದ ಕರೆಸಿದ್ದು” ಅಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಬಾಲಿಯಿಂದ ಬಂದವರಲ್ಲಿ ಫ್ಯಾಕ್ಸ್ ಬರೆದ ವಾಸ್ತುಶಿಲ್ಪಿಯೂ ಇದ್ದರು, ಹಿರಿಯರು. ಸಿನಿಮಾದಲ್ಲಿ ಅಂಗಳಗಳನ್ನು ದಾಟಿ, ಕಾಲುವೆ ದಾಟಿ, ಆಗ್ನೇಯದ ಮೂಲೆಯಲ್ಲಿ ಗುಡಿ ಕಂಡು, ಅದರ ಹಿಂದೆ ದಕ್ಷಿಣದಲ್ಲಿ ಬೆಟ್ಟ ಏಳುತ್ತಲೇ ಅವರು ಕುರ್ಚಿಯಲ್ಲೇ ಕೈ ಜೋಡಿಸಿದರು. ದೀಪ ಹಾಕಿದಾಗ, ನಮ್ಮ ಬೆಟ್ಟವನ್ನು ಬಲ್ಲವರು ಯಾರು ಇಲ್ಲಿ ಎಂದು ಕೇಳಿದರು. ಹೆರ್ ಹಾರ್ಟ್‌ಮನ್ ನನ್ನನ್ನು ತೋರಿಸಿದರು. ಆಚಾರ್ಯರು ಬಾಗಿಲ ಬಳಿ ನಿಂತಿದ್ದರು, ಗದ್ದದ ಮೇಲೆ ಪುಡಿ ಹಾಗೇ ಇತ್ತು. ಅವರೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.

ಸಿನಿಮಾವೇ ಸಾಕು ಎಂದು ತೀರ್ಮಾನವಾಯಿತು.

ಜೂನ್‌ನಲ್ಲಿ ಅವರಿಗೆ ಬೀಳ್ಕೊಡುಗೆ. ಹ್ಯಾಂಬರ್ಗಿನ ಮಗಳ ಮನೆಗೆ ಹೋಗುವುದೆಂದು ಗೊತ್ತಾಗಿತ್ತು. ಫೋನಿನಲ್ಲಿ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲಿ ಉತ್ತರ ಕೊಡುವ ಮಗಳು. ಬಾಲಿಯ ಮಾದರಿಯನ್ನು ಕೊನೆಯ ಸಲ ಮೇಲಕ್ಕೆ ತಂದು, ಆಲೂಗಡ್ಡೆ ಸಲಾಡಿನ ಪಾತ್ರೆಗಳ ಪಕ್ಕದಲ್ಲಿಟ್ಟಿದ್ದರು. ಭಾಷಣ ಮುಗಿದ ಮೇಲೆ ಯಾರೋ ನನ್ನ ಹೆಸರು ಕೂಗಿದರು. ಆಚಾರ್ಯರನ್ನು ಮಾಡು, ಕ್ರಿಸ್ಮಸ್ಸಿನಲ್ಲಿ ಮಾಡಿದೆಯಲ್ಲ, ಹಾಗೆ. ಎಲ್ಲರೂ ಚಪ್ಪಾಳೆ ತಟ್ಟತೊಡಗಿದರು. ಆಚಾರ್ಯರೂ ತಲೆಯಾಡಿಸಿದರು.

ಮೊಣಕಾಲೂರಿದೆ. ಗದ್ದವನ್ನು ಮೇಜಿಗೆ ತಾಗಿಸಿ ಎಡಗಣ್ಣು ಮುಚ್ಚಿದೆ. ಅಷ್ಟು ತಿಂಗಳಲ್ಲಿ ಒಮ್ಮೆಯೂ ನಾನು ಅಲ್ಲಿಂದ ನೋಡಿರಲಿಲ್ಲ. ಎದುರಿಗೊಂದು ಅಂಗಳ. ಕಾಲುವೆ. ಒಂದು ಅಂಗಡಿಯ ಕಟ್ಟೆಗೆ ಬಗ್ಗಿದ್ದ ಹೆಂಗಸು, ಅವಳ ಬೆನ್ನು ನನಗಿಂತ ಸ್ವಲ್ಪವೇ ಕೆಳಗೆ. ಅವಳ ಆಚೆ ಗುಡಿ. ಗುಡಿಯಾಚೆ ಪದರ ಪದರವಾಗಿ ಏರುವ ಮರದ ನೆಲ.

ಜನ ಕಾಯುತ್ತಿದ್ದರು. ನಾನು ಹಾಗೆ ಕೂತೇ, ನನ್ನ ಮುರುಕು ಜರ್ಮನ್‌ನಲ್ಲಿ ಹೇಳಿದೆ. ಬೆಟ್ಟ ಕಂಡುಹಿಡಿದದ್ದು ನಾನಲ್ಲ, ಇವರು. ನಾನು ತಪ್ಪು ಮೂಲೆ ಹೇಳಿದ್ದೆ. ಇವರು ನನ್ನನ್ನು ಉಳಿಸಿದರು. ನಾನು ಸುಮ್ಮನಿದ್ದೆ.

ಇಡೀ ಕೋಣೆ ನಕ್ಕಿತು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಹೆರ್ ಹಾರ್ಟ್‌ಮನ್ “ಗೆನಾವ್, ಗೆನಾವ್” ಎನ್ನುತ್ತಾ ಮೇಜು ಕುಟ್ಟಿದರು. ಇಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲವಂತೆ. ನಿಜವಾಗಿಯೂ, ನಿಜವಾಗಿಯೂ ಎಂದು ಎರಡು ಸಲ ಹೇಳಿದೆ. ನಗು ಇನ್ನೂ ಜೋರಾಯಿತು.

ನಗದೆ ಇದ್ದವರು ಒಬ್ಬರೇ. ಅವರು ಬಂದು, ಕಷ್ಟಪಟ್ಟು ನನ್ನ ಪಕ್ಕದಲ್ಲಿ ಮೊಣಕಾಲೂರಿ, ಗದ್ದ ತಾಗಿಸಿ, ನನ್ನನ್ನಲ್ಲ, ಅಂಗಳವನ್ನು ನೋಡಿದರು. ಮರುವರ್ಷ ಹ್ಯಾಂಬರ್ಗಿನಿಂದ ಮಗಳು ಜರ್ಮನ್‌ನಲ್ಲಿ ಎರಡು ಸಾಲು ಬರೆದು ಅಪ್ಪ ತೀರಿಕೊಂಡರೆಂದು ತಿಳಿಸುವ ತನಕ, ನಮ್ಮಿಬ್ಬರ ನಡುವೆ ಆಮೇಲೆ ಮಾತೇ ಆಗಲಿಲ್ಲ. ಅವತ್ತು ಅವರು ಹೇಳಿದ್ದು ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ:

“ಈಗ ಗದ್ದ ಸರಿಯಾದ ಎತ್ತರದಲ್ಲುಂಟು.”