ಮೈಕ್ ಹಿಡಿದವನಿಗೆ ಬಿದ್ದ ಸೀಟಿ

ಗೆಳೆಯರೇ, ಇಂದು ರಾಯಚೂರಿನಲ್ಲಿ ನಡೆದ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ರೆಫರಿ ಸೀಟಿ ಊದಿದ್ದು ಆಟಗಾರರಿಗಲ್ಲ, ಮೈಕ್ ಹಿಡಿದು ಕೂತಿದ್ದ ನನಗೆ.

ಮಾನ್ವಿಯ ಎದುರು ದೇವದುರ್ಗದ ಹುಡುಗಿಯರು ಒಂದು ಪಾಯಿಂಟ್ ಹಿಂದಿದ್ದರು. ಅವರಲ್ಲೊಬ್ಬಳು ಫ್ರೀ ಥ್ರೋ ಎಸೆಯಲು ನಿಂತಳು. ನಾನು ಮೈಕಿನಲ್ಲಿ, "ಕೈ ನಡಗಾಕತ್ತಾವ ನೋಡ್ರಿ, ಇದು ಹೋಗಂಗಿಲ್ಲ!" ಎಂದೆ. ಜನ ಗೊಳ್ಳೆಂದು ನಕ್ಕರು.

ರೆಫರಿ ಶಬಾನಾ ನನ್ನ ಹಳೆಯ ವಿದ್ಯಾರ್ಥಿನಿ. ಆಟ ನಿಲ್ಲಿಸಿ ನೇರ ನನ್ನ ಟೇಬಲ್ಲಿಗೆ ಬಂದಳು.

"ಸರ್, ಹೆಸರು, ಸ್ಕೋರು ಅಷ್ಟ ಹೇಳ್ರಿ. ಇನ್ನೊಮ್ಮಿ ಹಿಂಗಂದ್ರ ಮೈಕ್ ಬಂದ್ ಮಾಡಸ್ತೀನಿ."

"ತಮಾಷಿಗಂದೆ ಯವ್ವಾ."

"ಆಕಿ ನಗಾಕತ್ತಿಲ್ರಿ ಸರ್."

ಆಗ ನೋಡಿದೆ. ಹುಡುಗಿ ಚೆಂಡನ್ನು ಎದೆಗವಚಿಕೊಂಡು ನೆಲ ನೋಡುತ್ತಿದ್ದಳು. ಮತ್ತೆ ಸೀಟಿಯಾದಾಗ ಎಸೆದಳು. ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು. ಈ ಸಲ ಯಾರೂ ನಗಲಿಲ್ಲ.

ಪಂದ್ಯ ಮುಗಿದ ಮೇಲೆ ಅವಳ ಹತ್ತಿರ ಹೋಗಿ, "ನಂದು ತಪ್ಪಾತವ್ವಾ" ಎಂದೆ.

"ಇರ್ಲಿ ಬಿಡ್ರಿ ಸರ್, ನನಗ ಪ್ರಾಕ್ಟೀಸ್ ಕಮ್ಮಿ ಇತ್ತು" ಎಂದಳು.

ನಿಜ ಹೇಳಿದಳೋ, ನನ್ನ ಮುಖ ನೋಡಿ ಹಾಗೆಂದಳೋ, ತಿಳಿಯಲಿಲ್ಲ. ಅಣಕಿಸುವಾಗ ನನಗೆ ಮೈಕ್ ಬೇಕಿತ್ತು. ತಪ್ಪು ಒಪ್ಪಿಕೊಳ್ಳುವಾಗ ನನ್ನ ದನಿ ಅವಳೊಬ್ಬಳಿಗೆ ಕೇಳುವಷ್ಟೇ ಇತ್ತು. ಅದಕ್ಕೇ ಇಲ್ಲಿ ಬರೆದೆ.