ಕರಿಗಲ್ಲು ಮುಟ್ಟಿದ ದಿನ

ನಾವು ನಾಲ್ಕು ಜನ ಇದ್ದೆವು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಒಂದು ಕೆರೆಯ ಏರಿಯ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಸೇರುತ್ತಿದ್ದೆವು. ಗುಂಪು ಕಟ್ಟಿದವರು ನಿವೃತ್ತ ದೈಹಿಕ ಶಿಕ್ಷಕರು, ಎಲ್ಲರ ಬಾಯಲ್ಲೂ ಮಾಸ್ತರರು. ಮೊಣಕಾಲು ನೋವಿಗೆ ಈಜುವುದು ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ, ಒಬ್ಬರೇ ನೀರಿಗಿಳಿಯುವುದು ಬೇಡವೆಂದು ಜೊತೆ ಹುಡುಕಿಕೊಂಡಿದ್ದರು. ಅವರಿಗೆ ಮೊದಲು ಸಿಕ್ಕವರು ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ಒಬ್ಬ ಮೇಸ್ತ್ರಿ. ಆಮೇಲೆ ನಾನು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೊನೆಗೆ ಬಂದವರು ಸುರಪುರದ ಒಬ್ಬ ನರ್ಸ್. ನನಗಿಂತ ಏಳೆಂಟು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು.

ಅಕ್ಕ ಚಿಕ್ಕವರಿದ್ದಾಗ ತವರಿನ ಹೊಲದ ಬಾವಿಯಲ್ಲಿ ಅಣ್ಣಂದಿರ ಜೊತೆ ಈಜು ಕಲಿತವರು. ಮದುವೆಯಾದ ಮೇಲೆ ಇಪ್ಪತ್ತು ವರ್ಷ ನೀರಿಗೆ ಇಳಿದಿರಲಿಲ್ಲ. ಮನೆಯಲ್ಲಿ ದಖನಿ ಉರ್ದು ಮಾತು, ಗಂಡನದು ಕಟ್ಟುನಿಟ್ಟಿನ ಸ್ವಭಾವ. ಮಾಸ್ತರರು ವಯಸ್ಸಾದವರು, ಜೊತೆಗೆ ಒಬ್ಬ ಟೀಚರಮ್ಮನೂ ಇದ್ದಾಳೆ ಎಂದು ಕೇಳಿ ಅವರ ಅತ್ತೆಯೇ ಮಗನನ್ನು ಒಪ್ಪಿಸಿ ಕಳಿಸಿದ್ದರು. ಮೊದಲ ದಿನ ಉದ್ದ ತೋಳಿನ ಹಳೆಯ ಚೂಡಿದಾರದಲ್ಲಿ ಅಕ್ಕ ನೀರಿಗಿಳಿದು, ಮುಳುಗಿ, ಎದ್ದು, ಮುಖ ಒರೆಸಿಕೊಳ್ಳದೆ ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಮಾಸ್ತರರ ಕಟ್ಟಳೆಗಳು ಕೆಲವೇ. ಪ್ರತಿಯೊಬ್ಬರೂ ಒಂದು ಖಾಲಿ ಎಣ್ಣೆ ಕ್ಯಾನನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಸುಸ್ತಾದರೆ ಅದನ್ನು ಅಪ್ಪಿಕೊಂಡು ತೇಲಬಹುದು. ಇಬ್ಬಿಬ್ಬರ ಜೋಡಿಯಲ್ಲೇ ಈಜಬೇಕು, ಜೋಡಿಯನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು. ಸೀಟಿ ಕೇಳಿದರೆ ಎಲ್ಲಿದ್ದರೂ ವಾಪಸು ತಿರುಗಬೇಕು. ಆ ಕೆರೆಯನ್ನು ನಂಬುವಂತಿರಲಿಲ್ಲ. ಬೆಳಿಗ್ಗೆ ಅಗಲ ಪರಾತದಲ್ಲಿಟ್ಟ ನೀರಿನಂತೆ ನಿಂತಿರುತ್ತಿತ್ತು. ಗುಡ್ಡಗಳ ಸಂದಿಯಿಂದ ಗಾಳಿ ನುಗ್ಗಿತೆಂದರೆ ಆಚೆ ದಂಡೆಯ ಕಡೆ ನೀರು ಕಪ್ಪಾಗುತ್ತಿತ್ತು, ಆ ಕಪ್ಪು ಗೆರೆ ನಮ್ಮ ಕಡೆಗೆ ಓಡಿ ಬರುತ್ತಿತ್ತು. ಕಾಲುವೆಗೆ ನೀರು ಬಿಟ್ಟ ವಾರ ಕೆರೆ ತಣ್ಣಗಾಗಿ, ನಡುವೆ ಎಲ್ಲೆಲ್ಲೋ ಸೆಳೆತ ಹುಟ್ಟುತ್ತಿತ್ತು.

ಆಚೆ ದಂಡೆಯ ಹತ್ತಿರ ನೀರಿನಲ್ಲಿ ಒಂದು ದೊಡ್ಡ ಕರಿಗಲ್ಲು ಇತ್ತು. ಮೂರು ಭಾನುವಾರ ನಾವು ಅದರತ್ತ ಹೊರಟು ಅರ್ಧಕ್ಕೇ ತಿರುಗಿದ್ದೆವು. ನಾನು ಸ್ಟಾಫ್ ರೂಮಿನಲ್ಲಿ ಈ ಸಲ ಕಲ್ಲು ಮುಟ್ಟಿಯೇ ಬರುತ್ತೇನೆ ಎಂದು ಹೇಳಿಕೊಂಡಿದ್ದೆ. ಇಂಥ ಸಣ್ಣ ಮಾತಿಗಾಗಿ ಮನುಷ್ಯರು ಏನೆಲ್ಲ ಮಾಡುತ್ತಾರೆ ಎಂದು ಈಗ ಅನಿಸುತ್ತದೆ.

ಶ್ರಾವಣದ ಭಾನುವಾರ ಅದು. ಕೆರೆ ತುಂಬಿತ್ತು, ಗಾಳಿ ಇರಲಿಲ್ಲ. ಮಾಸ್ತರರು ಆಕಾಶ ನೋಡಿ ಹೂಂ ಎಂದರು. ಮಾಸ್ತರರೂ ಮೇಸ್ತ್ರಿಯೂ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬಿನೊಂದಿಗೆ ನಿಧಾನಕ್ಕೆ ಹಿಂದಿನಿಂದ ಹೊರಟರು. ಅಕ್ಕ ನನ್ನ ಜೋಡಿ. ಅವರದು ನಿಧಾನದ ಈಜು, ಆದರೆ ಎಷ್ಟು ಹೊತ್ತಾದರೂ ತೇಲಬಲ್ಲರು. ನಾನು ವೇಗದವಳು. ಅರ್ಧಕ್ಕಿಂತ ಹೆಚ್ಚು ದೂರ ಹೋದ ಮೇಲೆ ನೀರು ಒಮ್ಮೆಲೇ ಮೈಗೆ ಚುಚ್ಚುವಂತೆ ತಣ್ಣಗಾಯಿತು. ತಲೆ ಎತ್ತಿದರೆ ಮುಂದೆ ಕಪ್ಪು ಗೆರೆ. ಹಿಂದಿನಿಂದ ಸೀಟಿ ಕೇಳಿಸಿತು.

ಅಕ್ಕ ಕ್ಯಾನು ಹಿಡಿದು ನಿಂತರು. "ಟೀಚರ್, ಸೀಟಿ ಹೊಡ್ಯಾಕತ್ತಾರ. ಹೊಳ್ಳೂನ್ರಿ" ಎಂದು ಏರಿಯ ಕಡೆ ಮುಖ ತಿರುಗಿಸಿದರು.

"ಕಲ್ಲು ಇಲ್ಲೇ ಅದ ಅಕ್ಕಾ. ಹೊಳ್ಳೋದಕ್ಕಿಂತ ಅದೇ ಸಮೀಪ ಅದ."

"ನನ್ನ ಕೈಲೆ ಆಗಂಗಿಲ್ಲ. ಬಿಟ್ಟು ಹೋಗಬ್ಯಾಡ್ರಿ ನನ್ನ."

ನಿಧಾನಕ್ಕೆ ನನ್ನ ಹಿಂದೆ ಬನ್ನಿ ಎಂದು ಹೇಳಿ ನಾನು ಮುಂದೆ ಹೋದೆ. ಹೇಳುವಾಗ ಅವರ ಮುಖ ನೋಡಲಿಲ್ಲ. ಅಲೆಗಳು ಬಾಯಿಗೆ ಹೊಡೆಯುತ್ತಿದ್ದವು, ನಾನು ಕೈ ಬೀಸುತ್ತಲೇ ಇದ್ದೆ. ಕಲ್ಲು ಕೈಗೆ ಸಿಕ್ಕಿತು. ಹತ್ತಿ ನಿಂತಾಗ ಖುಷಿಯಿಂದ ಕೂಗಿದ್ದೂ ನೆನಪಿದೆ. ಆಮೇಲೆ ತಿರುಗಿ ನೋಡಿದೆ.

ಅಕ್ಕ ವಾಪಸು ಹೋಗಿರಲಿಲ್ಲ. ಜೋಡಿಯನ್ನು ಬಿಡಬಾರದೆಂದು ನನ್ನ ಹಿಂದೆಯೇ ಬಂದಿದ್ದರು. ಕ್ಯಾನಿನ ಹಗ್ಗ ನೀರೊಳಗಿನ ಬಳ್ಳಿಗೆ ಸಿಕ್ಕಿಕೊಂಡು ಅವರನ್ನು ಹಿಂದಕ್ಕೆ ಜಗ್ಗುತ್ತಿತ್ತು, ಪ್ರತಿ ಅಲೆಗೂ ತಲೆ ಕಾಣೆಯಾಗಿ ಮತ್ತೆ ಕಾಣುತ್ತಿತ್ತು. ನನಗೂ ಅವರಿಗೂ ನಡುವೆ ಶಾಲೆಯ ಮೈದಾನದಷ್ಟೂ ದೂರವಿರಲಿಲ್ಲ. ನಾನು ನೀರಿಗಿಳಿಯಲಿಲ್ಲ. ಮಾಸ್ತರರೂ ಮೇಸ್ತ್ರಿಯೂ ಟ್ರ್ಯಾಕ್ಟರ್ ಟ್ಯೂಬು ತಳ್ಳಿಕೊಂಡು ಬಂದು, ಹಗ್ಗ ಬಿಡಿಸಿ, ಅವರನ್ನು ಟ್ಯೂಬಿನ ಮೇಲೆ ಎಳೆದು ಹಾಕಿಕೊಂಡರು. ಅರವತ್ತು ದಾಟಿದ ಮನುಷ್ಯ ಆ ಗಾಳಿಯಲ್ಲಿ ಈಜುವುದನ್ನು ನಾನು ಕಲ್ಲಿನ ಮೇಲೆ ನಿಂತು ನೋಡಿದೆ.

ದಂಡೆ ಸುತ್ತಿ ಬರಿಗಾಲಲ್ಲಿ, ಜಾಲಿ ಮುಳ್ಳು ತುಳಿಯುತ್ತ ಏರಿಗೆ ಬರಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತಿಗೆ ಅಕ್ಕ ನೀರು ಕಾರಿ, ಮಾಸ್ತರರ ಶಾಲು ಹೊದ್ದು ಕುಳಿತಿದ್ದರು. ತುಟಿ ನೀಲಿಯಾಗಿತ್ತು. ಮಾಸ್ತರರು ನನ್ನನ್ನು ನೋಡಿ, ಸೀಟಿ ಕೇಳಲಿಲ್ಲವೇ ಎಂದು ಕೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಿಜ ಹೇಳುತ್ತಿದ್ದೆನೋ ಏನೋ.

"ನಾ ಹೊಳ್ಳೂನು ಅಂದೆ ಸರ್. ಅಕ್ಕಾನೇ ಕಲ್ಲಿನ ತನಕ ಹೋಗೂನು ಅಂದ್ರು."

ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಓಢಣಿಯ ತುದಿ ಹಿಂಡುತ್ತ, "ಹೌದ್ರಿ ಸರ್. ನಂದೇ ತಪ್ಪು" ಎಂದರು.

ಮಾಸ್ತರರು ಅವರಿಗೆ ಬೈಯಲಿಲ್ಲ. ನೀವು ಇನ್ನು ಕೆಲವು ದಿನ ಬರುವುದು ಬೇಡ, ನನಗೆ ಜವಾಬ್ದಾರಿ ಹೊರಲು ಆಗುವುದಿಲ್ಲ ಎಂದಷ್ಟೇ ಹೇಳಿದರು. ಮೇಸ್ತ್ರಿಯ ಮೂಲಕ ಸುದ್ದಿ ಅಕ್ಕನ ಗಂಡನನ್ನು ಮುಟ್ಟಿತು. ಸೊಸೆ ಹಟಮಾರಿತನ ಮಾಡಿ ಜೀವಕ್ಕೆ ಕುತ್ತು ತಂದುಕೊಂಡಳೆಂದು ಅತ್ತೆಯೂ ಈಜಿಗೆ ಬಾಗಿಲು ಹಾಕಿದರು. ನಾನು ಮುಂದಿನ ಭಾನುವಾರವೂ ಕೆರೆಗೆ ಹೋದೆ, ಅದರ ಮುಂದಿನ ಭಾನುವಾರವೂ. ಪ್ರತಿ ಸಲ ಮಾಸ್ತರರಿಗೆ ಹೇಳಬೇಕೆಂದು ಹೊರಡುತ್ತಿದ್ದೆ. ಹೇಳದೆ ಬರುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಮಾಸ್ತರರಿಗೇ ಮನಸ್ಸಿಲ್ಲದಂತಾಗಿ ಗುಂಪು ಕರಗಿತು. ಎರಡು ವರ್ಷದ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರು. ಮಣ್ಣಿಗೆ ಹೋದಾಗ ಅಕ್ಕನೂ ಬಂದಿದ್ದರು. ನಾನು ಜನರ ಹಿಂದೆ ನಿಂತೆ.

ಮತ್ತೂ ಒಂದು ವರ್ಷ ಕಳೆದ ಮೇಲೆ ಹೆಣ್ಣುಮಕ್ಕಳಿಗೆ ಚುಚ್ಚುಮದ್ದು ಹಾಕಲು ನಮ್ಮ ಶಾಲೆಗೆ ಬಂದ ನರ್ಸ್ ಅಕ್ಕನೇ ಆಗಿದ್ದರು. ಕೆಲಸ ಮುಗಿಸಿ ಅವರು ಕೈ ತೊಳೆಯುತ್ತಿದ್ದಾಗ ಹತ್ತಿರ ಹೋಗಿ, ನನ್ನಿಂದ ದೊಡ್ಡ ಅನ್ಯಾಯವಾಯಿತು ಅಕ್ಕಾ ಎಂದೆ. ಆವತ್ತು ಯಾಕೆ ನನ್ನ ಮಾತಿಗೆ ಹೌದೆಂದಿರಿ ಎಂದೂ ಕೇಳಿದೆ.

ಅವರು ನಲ್ಲಿ ನಿಲ್ಲಿಸಿದರು. "ನಿಮ್ಮ ಕಾಲಾಗ ಮುಳ್ಳು ಚುಚ್ಚಿ ರಕ್ತ ಬರಾಕತ್ತಿತ್ತು. ಅಂಜ್ಯಾರ, ನಾಕು ದಿನ ಹೋದಮ್ಯಾಲ ತಾವೇ ಸರ್‌ಗೆ ಹೇಳ್ತಾರ ಅಂತ ತಿಳಕೊಂಡೆ. ಹಾದಿ ನೋಡಿದೆ, ಟೀಚರ್."

ಆ ಸಂಜೆಯೇ ಅವರೊಂದಿಗೆ ಸುರಪುರದ ಮನೆಗೆ ಹೋದೆ. ಅವರು ಬೇಡವೆಂದರು, ಆದರೂ ಹೋದೆ. ಅತ್ತೆಯ ಮುಂದೆ, ಆಗ ತಾನೇ ಕೆಲಸದಿಂದ ಬಂದ ಗಂಡನ ಮುಂದೆ ನಡೆದದ್ದನ್ನು ಹೇಳಿದೆ. ಗಂಡ ಎದ್ದು ಒಳಗೆ ಹೋದರು. ಮುದುಕಿ ನನ್ನತ್ತ ನೋಡದೆ, "ಇದನ್ನ ಆವಾಗ್ಲೇ ಹೇಳಿದ್ರ ಮುಂದಿನ ಐತಾರ ನಾನೇ ಕೆರಿಗೆ ಕಳಸ್ತಿದ್ದೆ ಆಕಿನ್ನ" ಎಂದರು. ಚಹಾ ಬಂತು. ಕುಡಿದೆ. ಬೇಡವೆನ್ನಲು ನನಗೆ ಅಧಿಕಾರವಿರಲಿಲ್ಲ.

ಬಾಗಿಲ ತನಕ ಬಂದ ಅಕ್ಕನನ್ನು ಇನ್ನಾದರೂ ಈಜಲು ಬನ್ನಿ ಎಂದು ಕರೆದೆ. ಈಗ ನೀರಿಗಿಳಿದರೆ ಎದೆ ಹಿಡಿದಂತಾಗುತ್ತದೆ ಎಂದರು, ಒಮ್ಮೆ ತವರಿನ ಬಾವಿಯ ಮೆಟ್ಟಿಲಿಳಿದು, ಕಾಲಷ್ಟೇ ನೆನೆಸಿಕೊಂಡು ಹತ್ತಿ ಬಂದರಂತೆ. ಇದನ್ನು ದೂರಿನಂತೆ ಹೇಳಲಿಲ್ಲ, ರೋಗಿಯೊಬ್ಬರ ವಿಷಯ ಹೇಳಿದಂತೆ ಹೇಳಿದರು.

ಈಚೆಗೆ ಅವರಿಗೆ ಗುರುಮಠಕಲ್ ಕಡೆಗೆ ವರ್ಗವಾಗಿದೆ. ರಂಜಾನಿಗೆ ನಾನು ಫೋನು ಮಾಡುತ್ತೇನೆ, ಯುಗಾದಿಗೆ ಅವರು ಮಾಡುತ್ತಾರೆ. ಅಲ್ಲಿಯ ರೋಗಿಗಳ ತೆಲುಗು ತಮಗೆ ಅರ್ಧ ತಿಳಿಯುತ್ತದೆ ಎಂದು ನಗುತ್ತಾರೆ. ಮಕ್ಕಳ ಓದು, ಬಿಪಿ ಮಾತ್ರೆ, ಬಸ್ಸಿನ ತೊಂದರೆ ಎಲ್ಲ ಮಾತಾಡುತ್ತೇವೆ. ನೀರಿನ ಮಾತು ಅವರೂ ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ.